ನೀವು ಬಂದರೆ ಮಾತ್ರ ಪೂರ್ತಿಯಾಗುವ ಚಿತ್ರ

ಟೋಕಿಯೊದ ಟೊಯೊಸು ಎಂದರೆ ಊರಿನವರಿಗೆ ಮೊದಲು ನೆನಪಾಗುವುದು ಮೀನು. ಸಮುದ್ರವನ್ನು ಮಣ್ಣು ತುಂಬಿ ಹಿಂದೆ ಸರಿಸಿ ಮಾಡಿದ ನೆಲ ಅದು. ಸುಕಿಜಿಯಲ್ಲಿದ್ದ ಹೆಸರಾಂತ ಮೀನು ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂತು. ನಸುಕಿನಲ್ಲಿ ದೊಡ್ಡ ದೊಡ್ಡ ಟ್ಯೂನಾಗಳ ಹರಾಜು ನಡೆಯುವುದು ಈಗ ಇಲ್ಲೇ. ಅದಕ್ಕೆ ಮೂರು ತಿಂಗಳು ಮೊದಲೇ, ಜುಲೈ 7ರಂದು, ಮಾರುಕಟ್ಟೆಗಿಂತ ಒಂದು ಸ್ಟೇಷನ್ ಈಚೆಗೆ ಇನ್ನೊಂದು ಬಗೆಯ ಮೀನುಗಳು ಬಂದು ಸೇರಿದ್ದವು. ಅವಕ್ಕೆ ತೂಕವಿಲ್ಲ, ವಾಸನೆಯಿಲ್ಲ, ಬಲೆಗೆ ಬೀಳುವ ಭಯವೂ ಇಲ್ಲ. ಬೆಳಕಿನಲ್ಲೇ ಹುಟ್ಟಿ, ಮನುಷ್ಯರ ಕಾಲಿಗೆ ತಾಕಿದ ಕ್ಷಣ ಹೂವಾಗಿ ಒಡೆಯುವ ಮೀನುಗಳವು.

ಈ ಮೀನುಗಳ ಮನೆಯ ಹೆಸರು ‘ಟೀಮ್‌ಲ್ಯಾಬ್ ಪ್ಲಾನೆಟ್ಸ್’. 2020ರಲ್ಲಿ ಮುಚ್ಚಬೇಕಿದ್ದ ಪ್ರದರ್ಶನ ಇದು. ಜನ ಬಿಡಲಿಲ್ಲ. ಅವಧಿ ವಿಸ್ತರಿಸುತ್ತ ಹೋಗಿ ಈಗ 2027ರ ಕೊನೆಯವರೆಗೆ ಬಂದು ನಿಂತಿದೆ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಒಂದೇ ವರ್ಷದಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿಗೆ ಬಂದರು. ಒಂದೇ ಕಲಾ ತಂಡಕ್ಕೆ ಮೀಸಲಾದ ಮ್ಯೂಸಿಯಂಗಳ ಪೈಕಿ ಇದು ಗಿನ್ನೆಸ್ ದಾಖಲೆ.

ಡಿಜಿಟಲ್ ಕಲೆ ಎಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ‘ಅದೆಲ್ಲ ಲೈಟಿಂಗ್, ಸೆಲ್ಫಿಗೆ ಒಳ್ಳೆಯ ಜಾಗ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಈ ಮಾತು ಕೆಲವು ಪ್ರದರ್ಶನಗಳಿಗೆ ಒಪ್ಪುತ್ತದೆ, ಎಲ್ಲಕ್ಕೂ ಒಪ್ಪುವುದಿಲ್ಲ. ಯಾವುದಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ನಾನು ಇಲ್ಲಿ ಇಲ್ಲದೇ ಇದ್ದಿದ್ದರೆ ಈ ಚಿತ್ರ ಬೇರೆಯಾಗಿರುತ್ತಿತ್ತೇ? ಟೊಯೊಸುವಿನಲ್ಲಿ ಈ ಪ್ರಶ್ನೆಗೆ ಪ್ರತಿ ಕೋಣೆಯಲ್ಲೂ ಉತ್ತರ ಸಿಗುತ್ತದೆ.

ಮೊಣಕಾಲು ಮುಳುಗುವ ನೀರಿನಲ್ಲಿ

ಬಾಗಿಲಲ್ಲೇ ಶೂ, ಕಾಲುಚೀಲ ಎಲ್ಲ ಲಾಕರ್ ಸೇರುತ್ತವೆ. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಳ್ಳಬೇಕು. ಮೊದಲು ಸಿಗುವುದು ಕತ್ತಲ ಓಣಿ. ಏರುತ್ತ ಹೋಗುವ ನೆಲದ ಮೇಲೆ ಎದುರಿನಿಂದ ನೀರು ಹರಿದು ಬರುತ್ತಿರುತ್ತದೆ. ಕಣ್ಣಿಗೆ ಕೆಲಸ ಕಡಿಮೆಯಾದಾಗ ಅಂಗಾಲು ಎಚ್ಚರವಾಗುತ್ತದೆ. ನೀರಿನ ತಂಪು, ನೆಲದ ಒರಟು, ಏರಿನ ಅಳತೆ ಎಲ್ಲವೂ ಕಾಲಿನಿಂದಲೇ ತಿಳಿಯುತ್ತ ಹೋಗುತ್ತವೆ. ಏರಿನ ತುದಿಯಲ್ಲಿ ಬೆಳಕಿನ ಕಣಗಳ ಜಲಪಾತ. ಅಲ್ಲಿಂದ ಮುಂದಿನ ಕೋಣೆಯಲ್ಲಿ ನೆಲವೇ ಮೆತ್ತೆ. ಕಾಲಿಟ್ಟಲ್ಲಿ ಹುಗಿಯುತ್ತದೆ. ಪಕ್ಕದವರು ಹೆಜ್ಜೆ ಎತ್ತಿಟ್ಟರೆ ನಮ್ಮ ಕಾಲಡಿಯ ನೆಲ ಓರೆಯಾಗುತ್ತದೆ. ಪೇಟೆಯ ಗಟ್ಟಿ ನೆಲದ ಮೇಲೆ ನಡೆದು ನಡೆದು ನಮ್ಮ ಮೈ ಮರೆತಿರುವುದನ್ನು ನೆನಪಿಸಲೆಂದೇ ಈ ಎರಡು ಕೋಣೆಗಳನ್ನು ಮೊದಲಿಗೆ ಇಟ್ಟಿದ್ದಾರೆ.

ಆಮೇಲೆ ಕೊಯಿ ಮೀನುಗಳ ಕೊಳ. ಕೊಯಿ ಎಂದರೆ ಜಪಾನಿನ ತೋಟಗಳ ಕೊಳಗಳಲ್ಲಿ ಸಾಕುವ ಬಣ್ಣದ ಗೆಂಡೆ ಮೀನು. ಸುತ್ತ ಕನ್ನಡಿಯ ಗೋಡೆಗಳಿರುವುದರಿಂದ ಕೊಳಕ್ಕೆ ದಡವೇ ಇಲ್ಲ ಎನ್ನಿಸುತ್ತದೆ. ಮೊಣಕಾಲಿಗೆ ಬರುವ ಮಬ್ಬು ಬಿಳುಪಿನ ನೀರು, ಅದರ ಮೇಲ್ಮೈಯಲ್ಲಿ ಕೆಂಪು, ಕೇಸರಿ, ನೀಲಿ ಬೆಳಕಿನ ಮೀನುಗಳು. ಅವು ಹೋದ ದಾರಿಯಲ್ಲಿ ಉದ್ದುದ್ದ ಬಣ್ಣದ ಗೆರೆಗಳು ಉಳಿಯುತ್ತವೆ.

ನನ್ನ ಮುಂದೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಹುಡುಗ ಕೈ ಬಿಡಿಸಿಕೊಂಡು, ಬೊಗಸೆ ಮಾಡಿ ನೀರಿಗೆ ಅದ್ದಿದ. ಕೆಂಪು ಮೀನೊಂದು ಅವನ ಬೆರಳಿಗೆ ಸಿಗದೆ ನುಣುಚಿ ಅಜ್ಜಿಯ ಮೊಣಕಾಲಿಗೆ ಬಂದು ತಾಕಿದ್ದೇ ತಡ, ದೊಡ್ಡ ಹೂವಾಗಿ ಬಿರಿದು ಎಸಳುಗಳು ನಾಲ್ಕೂ ಕಡೆ ಚದುರಿದವು. ಅಜ್ಜಿ ಬೆಚ್ಚಿ ಒಂದು ಹೆಜ್ಜೆ ಹಿಂದೆ ಇಟ್ಟರು. ಅಲ್ಲಿ ಇನ್ನೊಂದು ಮೀನು, ಇನ್ನೊಂದು ಹೂವು. ಹುಡುಗ ಕೇಕೆ ಹಾಕಿದ. ಆಮೇಲೆ ಇಬ್ಬರೂ ಓಡಾಡುವುದು ಬಿಟ್ಟು ಅಲುಗದೆ ನಿಂತು, ಯಾರ ಕಾಲಿಗೆ ಮೊದಲು ಮೀನು ಬರುತ್ತದೆಂದು ಕಾಯತೊಡಗಿದರು. ಹಾಗೆ ಕಾಯಿರಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೋಡೆಯ ಮೇಲೆ ಸೂಚನೆಯ ಫಲಕವೂ ಇರಲಿಲ್ಲ.

ಬಿರಿಯುವ ಹೂವುಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ವಸಂತದಲ್ಲಿ ಬಂದವರಿಗೆ ಕಾಣುವ ಹೂವು ಚಳಿಗಾಲದವರಿಗೆ ಕಾಣುವುದಿಲ್ಲ. ಇಲ್ಲಿ ಓಡುತ್ತಿರುವುದು ಮೊದಲೇ ಚಿತ್ರಿಸಿಟ್ಟ ವಿಡಿಯೊ ಅಲ್ಲ. ಪ್ರತಿ ಕ್ಷಣದ ಚಿತ್ರವನ್ನೂ ಕಂಪ್ಯೂಟರ್ ಆಗಿಂದಾಗಲೇ ಬರೆಯುತ್ತದೆ. ಬೆಳಿಗ್ಗೆ ಬಿಡಿಸಿದ ರಂಗೋಲಿ ಸಂಜೆಗೆ ಅಳಿಸಿಹೋಗುವ ಹಾಗೆ, ಆ ಅಜ್ಜಿ ಮೊಮ್ಮಗ ಸೇರಿ ಮಾಡಿದ ಚಿತ್ರ ಮತ್ತೆ ಬರುವುದಿಲ್ಲ.

ಮೀನಿಗೆ ಕಾಲು ಕಂಡದ್ದು ಹೇಗೆ?

ಇದರ ಹಿಂದಿನ ಕೆಲಸವನ್ನು ತಿಳಿದರೆ ಬೆರಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಇಂಥ ಕೋಣೆಗಳಲ್ಲಿ ಸೆನ್ಸರ್‌ಗಳು ಜನ ಎಲ್ಲೆಲ್ಲಿದ್ದಾರೆ, ಯಾವ ಕಡೆ ಚಲಿಸುತ್ತಿದ್ದಾರೆ ಎಂಬುದನ್ನು ಎಡೆಬಿಡದೆ ಅಳೆಯುತ್ತವೆ. ಆ ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ. ಅದು ಪ್ರತಿ ಮೀನಿನ ಮುಂದಿನ ಜಾಗವನ್ನು ನಿರ್ಧರಿಸಿ ಹೊಸ ಚಿತ್ರ ಬರೆಯುತ್ತದೆ. ಹಲವಾರು ಪ್ರೊಜೆಕ್ಟರ್‌ಗಳು ಆ ಚಿತ್ರವನ್ನು ಹಂಚಿಕೊಂಡು ನೀರಿನ ಮೇಲೆ ಬೀಳಿಸುತ್ತವೆ. ಒಂದರ ಬೆಳಕಿನ ಅಂಚು ಇನ್ನೊಂದರ ಅಂಚಿನ ಮೇಲೆ ಬೀಳುವಲ್ಲಿ ಎರಡನ್ನೂ ಮಂದಗೊಳಿಸಿ, ಹೊಲಿಗೆ ಕಾಣದಂತೆ ಬೆಸೆದಿರುತ್ತಾರೆ. ಈ ಸುತ್ತೆಲ್ಲ ಒಂದು ಸೆಕೆಂಡಿನಲ್ಲಿ ಹತ್ತಾರು ಬಾರಿ ನಡೆಯಬೇಕು. ಕಾಲು ತಾಕಿ ಅರ್ಧ ಸೆಕೆಂಡ್ ತಡವಾಗಿ ಹೂವು ಅರಳಿದರೂ ಮಾಯೆ ಮುರಿದುಬೀಳುತ್ತದೆ.

ಈ ಪ್ರದರ್ಶನದ ಹಿಂದಿರುವ ಟೀಮ್‌ಲ್ಯಾಬ್ ತಂಡವೇ 2018ರಲ್ಲಿ ಟೋಕಿಯೊದ ಒಡೈಬಾದಲ್ಲಿ ತೆರೆದಿದ್ದ ‘ಬಾರ್ಡರ್‌ಲೆಸ್’ ಮ್ಯೂಸಿಯಂನ ಹತ್ತು ಸಾವಿರ ಚದರ ಮೀಟರ್ ಜಾಗಕ್ಕೆ 520 ಕಂಪ್ಯೂಟರ್, 470 ಪ್ರೊಜೆಕ್ಟರ್ ಬೇಕಾಗಿದ್ದವು. ಅದು 2022ರಲ್ಲಿ ಮುಚ್ಚಿ, 2024ರ ಫೆಬ್ರುವರಿಯಲ್ಲಿ ನಗರದ ನಡುವಿನ ಅಜಾಬುದೈ ಹಿಲ್ಸ್‌ನಲ್ಲಿ ಮತ್ತೆ ತೆರೆಯಿತು.

ಮೀನಿನ ಗುಂಪು, ಹಕ್ಕಿಯ ಹಿಂಡುಗಳನ್ನು ಕಂಪ್ಯೂಟರಿನಲ್ಲಿ ಜೀವಂತವಾಗಿ ಆಡಿಸುವ ವಿದ್ಯೆಗೆ ಅಡಿಪಾಯ ಹಾಕಿದ್ದು ಅಮೆರಿಕದ ಕ್ರೇಗ್ ರೆನಾಲ್ಡ್ಸ್, 1987ರಲ್ಲಿ. ಅವರು ಪ್ರತಿ ಹಕ್ಕಿಗೂ ಮೂರೇ ನಿಯಮ ಕೊಟ್ಟರು: ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹೋಗುವ ದಿಕ್ಕಿಗೆ ಹೋಗು, ಗುಂಪಿನಿಂದ ದೂರವಾಗಬೇಡ. ಮುಂದಾಳು ಯಾರೂ ಇಲ್ಲದೆ ಇಡೀ ಹಿಂಡು ತಾನಾಗಿ ತಿರುಗಿತು, ಒಡೆಯಿತು, ಮತ್ತೆ ಕೂಡಿತು. ಸಣ್ಣ ನಿಯಮಗಳಿಂದ ದೊಡ್ಡ ಜೀವಂತಿಕೆ ಹುಟ್ಟುತ್ತದೆ ಎಂಬುದೇ ಈ ಬಗೆಯ ಕಲೆಯ ಬೇರು.

ಐವತ್ತು ವರ್ಷದ ಹಾದಿ

ಇದೆಲ್ಲ ನಿನ್ನೆ ಮೊನ್ನೆಯ ಮೊಬೈಲ್ ಕಾಲದ ಕೂಸು ಎಂದುಕೊಳ್ಳುವವರು ಹಿಂದೆ ನೋಡಬೇಕು. ಅಮೆರಿಕದ ಮೈರನ್ ಕ್ರೂಗರ್ 1969ರಲ್ಲೇ, ನಡೆಯುವವರ ಹೆಜ್ಜೆಗೆ ಸ್ಪಂದಿಸುವ ಬೆಳಕಿನ ಕೋಣೆಯೊಂದರ ಕೆಲಸದಲ್ಲಿ ತೊಡಗಿದ್ದರು. ಎಪ್ಪತ್ತರ ದಶಕದಲ್ಲಿ ಅವರು ಕಟ್ಟಿದ ‘ವಿಡಿಯೊಪ್ಲೇಸ್’ನಲ್ಲಿ ಕ್ಯಾಮೆರಾ ಜನರ ನೆರಳಿನಾಕೃತಿಯನ್ನು ಹಿಡಿದು ಪರದೆಗೆ ತರುತ್ತಿತ್ತು. ಕೈ ಎತ್ತಿದರೆ ಪರದೆಯ ಮೇಲಿನ ಆಕಾರಗಳೂ ಆಡುತ್ತಿದ್ದವು. ತಲೆಗೆ ಹೆಲ್ಮೆಟ್ ಬೇಡ, ಕೈಗೆ ಗವಸು ಬೇಡ, ಬರಿ ಮೈ ಸಾಕು ಎಂಬುದು ಅವರ ಹಟ. 1989ರಲ್ಲಿ ಕಲಾವಿದ ಜೆಫ್ರಿ ಶಾ ಒಂದು ಸೈಕಲ್ ತಂದು ದೊಡ್ಡ ಪರದೆಯ ಎದುರು ನಿಲ್ಲಿಸಿದರು. ಪೆಡಲ್ ತುಳಿದರೆ ಅಕ್ಷರಗಳಿಂದಲೇ ಕಟ್ಟಿದ ಕಟ್ಟಡಗಳ ನಡುವೆ ಊರು ಸುತ್ತಬಹುದಿತ್ತು. 1999ರಲ್ಲಿ ಕ್ಯಾಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿಟೂವ್ ಪರದೆಯ ಮೇಲೆ ಅಕ್ಷರಗಳ ಮಳೆ ಸುರಿಸಿದರು. ತೋಳು ಚಾಚಿದರೆ ಅಕ್ಷರಗಳು ತೋಳಿನ ಮೇಲೆ ಬಂದು ಕೂರುತ್ತಿದ್ದವು.

2010ರಲ್ಲಿ ಮೈಕ್ರೊಸಾಫ್ಟ್ ಕಂಪನಿ ಆಟಕ್ಕೆಂದು ಮಾರಿದ ‘ಕಿನೆಕ್ಟ್’ ಎಂಬ ಪುಟ್ಟ ಸಾಧನ ಈ ಕಲಾವಿದರಿಗೆ ವರವಾಯಿತು. ಎದುರಿಗಿರುವವರ ದೂರವನ್ನು ಅಳೆಯುವ ಕ್ಯಾಮೆರಾ ಅಲ್ಲಿಯವರೆಗೆ ಲ್ಯಾಬ್‌ಗಳ ದುಬಾರಿ ವಸ್ತು. ಅದು ಒಮ್ಮೆಲೇ ಅಂಗಡಿಗೆ ಬಂತು. 2012ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ‘ರೇನ್ ರೂಮ್’ ಸುದ್ದಿ ಮಾಡಿತು. ಜಡಿಮಳೆಯ ನಡುವೆ ನೀವು ನಡೆದರೆ, ನೀವಿದ್ದಷ್ಟು ಜಾಗದಲ್ಲಿ ಮಾತ್ರ ಮಳೆ ನಿಲ್ಲುತ್ತದೆ. ದೂರ ಅಳೆಯುವ ಕ್ಯಾಮೆರಾಗಳು ನಿಮ್ಮನ್ನು ಹಿಂಬಾಲಿಸುತ್ತಿರುತ್ತವೆ. ಓಡಿದರೆ ಮಾತ್ರ ನೆನೆಯುತ್ತೀರಿ. 2018ರಿಂದ ಶಾರ್ಜಾದಲ್ಲಿ ಇದಕ್ಕೆ ಕಾಯಂ ನೆಲೆ ಸಿಕ್ಕಿದೆ. ಕೊಲ್ಲಿಯಲ್ಲಿರುವ ಕನ್ನಡಿಗರಿಗೆ ಕೈಯಳತೆಯ ದೂರ.

ಪಕ್ಕದವರು ಅಡ್ಡಿಯಲ್ಲ

ಟೀಮ್‌ಲ್ಯಾಬ್ ಹುಟ್ಟಿದ್ದು 2001ರಲ್ಲಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದಿದ ಟೊಶಿಯುಕಿ ಇನೊಕೊ ಮತ್ತು ಗೆಳೆಯರು ಕಟ್ಟಿದ ತಂಡವಿದು. ಪ್ರೋಗ್ರಾಮರ್, ಗಣಿತಜ್ಞ, ಆನಿಮೇಟರ್, ವಾಸ್ತುಶಿಲ್ಪಿಗಳು ಇಲ್ಲಿ ಸಮನಾಗಿ ಕೂತು ಕೆಲಸ ಮಾಡುತ್ತಾರೆ. ಯಾವ ಕೃತಿಗೂ ಒಬ್ಬರ ಸಹಿ ಇರುವುದಿಲ್ಲ.

ಇನೊಕೊ ಮತ್ತೆ ಮತ್ತೆ ಹೇಳುವ ವಿಚಾರವೊಂದಿದೆ. ಚೌಕಟ್ಟಿನಲ್ಲಿರುವ ಹೆಸರಾಂತ ಚಿತ್ರದ ಎದುರು ನಿಂತವರಿಗೆ ಬೇರೆ ಪ್ರೇಕ್ಷಕರು ತೊಂದರೆಯೇ. ತಾನೊಬ್ಬನೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಚಿತ್ರವೇ ಜನರಿಂದ ಬದಲಾಗುವಂತಿದ್ದರೆ ಪಕ್ಕದವರ ಇರವೂ ಚಿತ್ರದ ಭಾಗವಾಗುತ್ತದೆ, ಅದನ್ನೂ ಚೆಂದವಾಗಿ ಕಾಣಬಹುದು ಎಂಬುದು ಅವರ ನಂಬಿಕೆ. ಕೊಳದಲ್ಲಿ ಇದು ನಿಜವಾಗುವುದನ್ನು ಕಣ್ಣಾರೆ ನೋಡಿದೆ. ಆ ಅಜ್ಜಿಯ ಕಾಲಿಂದ ಹೊರಟ ಎಸಳುಗಳು ನನ್ನ ಕಾಲಿನವರೆಗೂ ಬಂದವು. ಅಪರಿಚಿತರ ಹೆಜ್ಜೆ ನಮ್ಮ ನೋಟವನ್ನು ಹಿಗ್ಗಿಸುವ ಅನುಭವ ನಗರಗಳಲ್ಲಿ ಬದುಕುವ ನಮಗೆ ಅಪರೂಪ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಕ್ಯೂನಲ್ಲಿ ಇನ್ನೊಬ್ಬರು ಎಂದರೆ ಜಾಗ ಕಸಿಯುವವರು. ಇಲ್ಲಿ ಅವರೇ ಜಾಗ ತುಂಬಿಕೊಡುವವರು. ಈ ಕಲೆ ಕೊಡುವ ದೊಡ್ಡ ಕೊಡುಗೆ ಇದೇ ಎಂದು ನಾನು ಬಲವಾಗಿ ನಂಬುತ್ತೇನೆ.

ಇವರ ಇನ್ನೊಂದು ಕೃತಿಯಲ್ಲಿ ಗೋಡೆ, ನೆಲದ ತುಂಬ ಹೂವುಗಳು ಮೊಳೆತು, ಅರಳಿ, ಬಾಡುತ್ತಿರುತ್ತವೆ. ಅಲುಗದೆ ನಿಂತರೆ ನಿಮ್ಮ ಸುತ್ತ ಹೂವು ದಟ್ಟವಾಗುತ್ತದೆ. ಮುಟ್ಟಿದರೆ, ತುಳಿದರೆ ಎಸಳು ಉದುರಿ ಸಾಯುತ್ತದೆ. ಇಂಟರ್‌ಆಕ್ಟಿವ್ ಎಂದರೆ ಗುಂಡಿ ಒತ್ತುವುದು, ಕೈ ಬೀಸುವುದು ಎಂದಷ್ಟೇ ತಿಳಿದ ಮಕ್ಕಳಿಗೆ, ಸುಮ್ಮನೆ ನಿಲ್ಲುವುದೂ ಒಂದು ಕ್ರಿಯೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಮೇಲೇರುವ ಹೂದೋಟ

2021ರಲ್ಲಿ ಟೊಯೊಸುವಿಗೆ ಸೇರಿದ ಹೂದೋಟದಲ್ಲಿ ಬೆಳಕಿನ ಹೂವುಗಳಿಲ್ಲ. 13 ಸಾವಿರಕ್ಕೂ ಹೆಚ್ಚು ಜೀವಂತ ಆರ್ಕಿಡ್‌ಗಳನ್ನು ಸಾಲುಸಾಲಾಗಿ ಚಾವಣಿಯಿಂದ ನೇತುಹಾಕಿದ್ದಾರೆ. ಬಾಗಿಲಲ್ಲಿ ನಿಂತಾಗ ಒಳಗೆ ಕಾಲಿಡಲು ಜಾಗವೇ ಕಾಣದಷ್ಟು ದಟ್ಟ. ಒಂದು ಹೆಜ್ಜೆ ಮುಂದಿಟ್ಟರೆ ಎದುರಿನ ಹೂಗಳೆಲ್ಲ ಮೆಲ್ಲಗೆ ಮೇಲೇರುತ್ತವೆ. ನಿಮ್ಮ ಸುತ್ತ ಒಬ್ಬ ಮನುಷ್ಯನಿಗಾಗುವಷ್ಟು ಗುಂಡನೆಯ ಬಯಲು ತೆರೆದುಕೊಳ್ಳುತ್ತದೆ. ನೀವು ಮುಂದೆ ಹೋದಂತೆ ಹಿಂದಿನ ಹೂವುಗಳು ಇಳಿದು ದಾರಿ ಮುಚ್ಚಿಕೊಳ್ಳುತ್ತವೆ. ಇನ್ನೊಬ್ಬರ ಹತ್ತಿರ ಸರಿದರೆ ಎರಡು ಬಯಲುಗಳು ಕೂಡಿ ಒಂದಾಗುತ್ತವೆ. ಹೂವು ಮತ್ತು ನಾನು ಒಂದೇ ಬೇರಿನವರು ಎಂಬ ಝೆನ್ ಚಿಂತನೆಯೇ ಈ ತೋಟದ ಹೆಸರಿನಲ್ಲೂ ಇದೆ.

ಆರ್ಕಿಡ್‌ಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇವುಗಳಲ್ಲಿ ಅನೇಕ ಜಾತಿಗಳಿಗೆ ಮಣ್ಣು ಬೇಡ. ಗಾಳಿಯಲ್ಲಿ ತೂಗುವ ಬೇರುಗಳೇ ತೇವ ಹೀರಿಕೊಳ್ಳುತ್ತವೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ಹೊತ್ತಿಗೆ ಮರದ ಕೊಂಬೆಯಿಂದ ಗೊಂಚಲಾಗಿ ಇಳಿಬಿದ್ದು ಹೆಂಗಳೆಯರ ಮುಡಿಗೇರುವ ಸೀತಾಳೆ ದಂಡೆಯೂ ಇದೇ ಕುಲದ್ದು. ಟೋಕಿಯೊದ ಆ ಕನ್ನಡಿ ಕೋಣೆಯ ಪರಿಮಳದಲ್ಲಿ ನಿಂತಾಗ, ಯಂತ್ರ ಎಷ್ಟೇ ಜಾಣವಾಗಿರಲಿ, ಅದು ದಾರಿ ಬಿಡಿಸುತ್ತಿರುವುದು ಜೀವಂತ ಗಿಡಗಳಿಂದ ಎಂಬುದು ನನಗೆ ಬಹಳ ಹಿಡಿಸಿತು.

ಹಂಪಿಯ ಬೆಳಕು

ಕರ್ನಾಟಕಕ್ಕೆ ಈ ಕಲೆ ದೂರದ್ದಲ್ಲ. ಸೈಕಲ್ ತುಳಿಸಿದ ಅದೇ ಜೆಫ್ರಿ ಶಾ, ಸಾರಾ ಕೆಂಡರ್‌ಡೈನ್ ಜತೆ ಸೇರಿ ‘ಪ್ಲೇಸ್-ಹಂಪಿ’ ಎಂಬ ಕೃತಿ ಮಾಡಿದರು. 2006ರಲ್ಲಿ ಅದು ಮೊದಲು ಪ್ರದರ್ಶನ ಕಂಡಿದ್ದು ಫ್ರಾನ್ಸ್‌ನ ಲಿಲ್ ನಗರದಲ್ಲಿ. ಸುತ್ತ ಉರುಟಾದ ಪರದೆ, ನಡುವೆ ತಿರುಗುವ ವೇದಿಕೆ. ವೇದಿಕೆಯ ಮೇಲೆ ನಿಂತವರೊಬ್ಬರು ಅದನ್ನು ತಿರುಗಿಸಿ, ಮುಂದೆ ಸಾಗಿಸಿ ಹಂಪಿಯ ಒಂದು ತಾಣದಿಂದ ಇನ್ನೊಂದಕ್ಕೆ ಹೋಗಬಹುದು. ಜತೆಯಲ್ಲಿದ್ದವರೂ ಅವರೊಂದಿಗೆ ಊರು ನೋಡುತ್ತಾರೆ. ಎಂಬತ್ತರ ದಶಕದಿಂದ ಹಂಪಿಯನ್ನು ಚಿತ್ರೀಕರಿಸಿದ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ತೆಗೆದ ಮೂರು ಆಯಾಮದ ಛಾಯಾಚಿತ್ರಗಳು, ಎಲ್. ಸುಬ್ರಹ್ಮಣ್ಯಂ ಅವರ ಸಂಗೀತ, ಬಂಡೆಗಳ ನಡುವೆ ಚಲಿಸುವ ದೇವತೆಗಳ ಆನಿಮೇಷನ್ ರೂಪ ಅದರಲ್ಲಿವೆ. ದೇಶ ವಿದೇಶ ಸುತ್ತಿದ ಈ ಕೃತಿ ಆಮೇಲೆ ಹಂಪಿಗೆ ಹತ್ತಿರದ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆ ಕಂಡಿತು. ಇದು ನಮ್ಮ ಎಷ್ಟು ಶಾಲೆಗಳಿಗೆ ಗೊತ್ತು?

ಇನ್ನೂ ಹಿಂದಕ್ಕೆ ಹೋದರೆ, ವಿರೂಪಾಕ್ಷ ದೇಗುಲದ ಹಿಂಬದಿಯ ಕತ್ತಲ ಕೋಣೆಯಿದೆ. ಗೋಡೆಯ ಕಿರು ಕಂಡಿಯಿಂದ ಬರುವ ಬೆಳಕು ಸುಮಾರು 50 ಮೀಟರ್ ಎತ್ತರದ ರಾಜಗೋಪುರವನ್ನು ತಲೆಕೆಳಗಾಗಿ ಎದುರು ಗೋಡೆಯ ಮೇಲೆ ಬರೆಯುತ್ತದೆ. ವಿದ್ಯುತ್ತಿಲ್ಲ, ಮಸೂರವಿಲ್ಲ. ನೋಡುವವರ ಕೈ ಅಡ್ಡ ಬಂದರೆ ಗೋಪುರದ ಒಂದು ತುಂಡು ಅಂಗೈ ಮೇಲೆ ಬೀಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಬ್ಬರು ಪಿಸುಗುಟ್ಟಿದ್ದು ಆಚೆ ಬದಿಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಅನುಭವಿಸಲು ಇಬ್ಬರು ಬೇಕೇ ಬೇಕು. ಬೆಳಕು, ಸದ್ದು, ನೋಡುವವರ ಮೈ ಮೂರೂ ಸೇರಿದರೆ ಮಾತ್ರ ಪೂರ್ತಿಯಾಗುವ ಅನುಭವಗಳು ಈ ನೆಲಕ್ಕೆ ಹೊಸತಲ್ಲ.

ಬೆಂಗಳೂರಿನಲ್ಲೂ ಬಾಗಿಲುಗಳು ತೆರೆಯುತ್ತಿವೆ. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ಸಂದರ್ಶಕರ ಪ್ರಶ್ನೆಗಳಿಗೆ ಉತ್ತರಿಸುವ ಎಂ.ಎಫ್. ಹುಸೇನ್ ಅವರ ಡಿಜಿಟಲ್ ರೂಪವನ್ನು ಸಿದ್ಧಪಡಿಸಿದೆ. 2024ರಲ್ಲಿ ಕಟ್ಟಡ ತೆರೆದ ಸೈನ್ಸ್ ಗ್ಯಾಲರಿ ಬೆಂಗಳೂರು, ವಿಜ್ಞಾನ ಮತ್ತು ಕಲೆಯನ್ನು ಒಂದೇ ಚಾವಣಿಯಡಿ ತರುತ್ತಿದೆ.

ಗೋಡೆ ತುಂಬಿದರಷ್ಟೇ ಸಾಲದು

ಇದೇ ಹೊತ್ತಿನಲ್ಲಿ ಒಂದು ಎಚ್ಚರ ಬೇಕು. ಹೆಸರಾಂತ ವರ್ಣಚಿತ್ರಗಳನ್ನು ಗೋಡೆ, ನೆಲದ ಮೇಲೆ ದೊಡ್ಡದಾಗಿ ಬಿತ್ತರಿಸಿ, ಹಿನ್ನೆಲೆಗೆ ಸಂಗೀತ ಸೇರಿಸುವ ಪ್ರದರ್ಶನಗಳು ಎಲ್ಲ ದೊಡ್ಡ ಊರುಗಳಿಗೂ ಬರುತ್ತಿವೆ. ಅವುಗಳಲ್ಲಿ ಚೆನ್ನಾಗಿರುವವೂ ಇವೆ; ಆದರೆ ಬಹುಪಾಲು ಪ್ರದರ್ಶನಗಳಲ್ಲಿ ಓಡುವುದು ಅರ್ಧ, ಮುಕ್ಕಾಲು ಗಂಟೆಯ ಸಿದ್ಧ ವಿಡಿಯೊ. ಕೋಣೆಯಲ್ಲಿ ನೂರು ಮಂದಿ ಇದ್ದರೂ ಒಬ್ಬರೂ ಇಲ್ಲದಿದ್ದರೂ ಅದು ಹಾಗೆಯೇ ಓಡುತ್ತದೆ. ಅದಕ್ಕೆ ನಿಮ್ಮ ಅಗತ್ಯವಿಲ್ಲ, ನಿಮ್ಮ ಟಿಕೆಟ್ಟಿನ ಅಗತ್ಯ ಮಾತ್ರ ಇದೆ. ‘ಇಂಟರ್‌ಆಕ್ಟಿವ್’ ಎಂದು ಜಾಹೀರಾತು ಕೊಡುವವರನ್ನು ನಾವು ಗಟ್ಟಿಯಾಗಿ ಕೇಳಬೇಕು: ಇಲ್ಲಿ ನನ್ನಿಂದ ಬದಲಾಗುವುದು ಏನು?

ಬೆಲೆಯ ಮಾತೂ ಇದೆ. ಟೊಯೊಸುವಿನ ಟಿಕೆಟ್ ದರ ದಿನ, ವೇಳೆ ನೋಡಿ ಏರಿಳಿಯುತ್ತದೆ. ವಯಸ್ಕರಿಗೆ ಎರಡು ಸಾವಿರ ರೂಪಾಯಿ ದಾಟುತ್ತದೆ. ಹೋಗುವವರು ವೇಳೆ ಗೊತ್ತುಮಾಡಿ ಮುಂಗಡ ಟಿಕೆಟ್ ತೆಗೆದುಕೊಳ್ಳಬೇಕು. ಯುರಿಕಾಮೊಮೆ ಮಾರ್ಗದ ಶಿನ್-ಟೊಯೊಸು ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಇದೆ. ಕೆಲವು ಕೋಣೆಗಳ ನೆಲ ಕನ್ನಡಿಯದ್ದು, ಕೊಳದಲ್ಲಿ ನೀರು ಮೊಣಕಾಲಿಗೆ ಬರುತ್ತದೆ. ಹಾಗಾಗಿ ಸೀರೆ, ಲಂಗಕ್ಕಿಂತ ಮಡಚಬಹುದಾದ ಪ್ಯಾಂಟ್ ಒಳ್ಳೆಯದು. ಬೇಕಾದವರಿಗೆ ಅಲ್ಲೇ ಚಡ್ಡಿ ಎರವಲು ಕೊಡುತ್ತಾರೆ. ಬೆಳಿಗ್ಗೆ ಮೊದಲ ವೇಳೆಗೆ ಹೋದರೆ ನೂಕುನುಗ್ಗಲು ಕಡಿಮೆ.

ನಮ್ಮ ಮ್ಯೂಸಿಯಂ ನಡೆಸುವವರಲ್ಲಿ, ಇಂಥ ಪ್ರದರ್ಶನ ತರುವವರಲ್ಲಿ ನನ್ನ ಮನವಿ ಎರಡು. ಒಂದು, ಪ್ರೊಜೆಕ್ಟರ್ ಎಷ್ಟು ತಂದಿರಿ ಎಂದು ಹೇಳಿಕೊಳ್ಳುವ ಮೊದಲು, ಬಂದವರ ಮೈಗೂ ಮನಸ್ಸಿಗೂ ಅಲ್ಲಿ ಏನು ಕೆಲಸವಿದೆ ಎಂದು ಯೋಚಿಸಿ. ಹಂಪಿ, ಬಾದಾಮಿ, ತೊಗಲುಗೊಂಬೆ, ಪಶ್ಚಿಮ ಘಟ್ಟದ ಕಾಡು, ಇವೆಲ್ಲ ನಿಮ್ಮ ಕಲಾವಿದರ, ಪ್ರೋಗ್ರಾಮರ್‌ಗಳ ಕೈಗಾಗಿ ಕಾದಿವೆ. ಸಾಫ್ಟ್‌ವೇರ್ ಊರಿನಲ್ಲಿ ಇದಕ್ಕೆ ಪ್ರತಿಭೆಯ ಕೊರತೆಯಿಲ್ಲ. ಎರಡು, ವಾರದಲ್ಲಿ ಒಂದು ದಿನವಾದರೂ ಸರ್ಕಾರಿ ಶಾಲೆಯ ಮಕ್ಕಳಿಗೆ ಬಾಗಿಲು ಉಚಿತವಾಗಿ ತೆರೆಯಿರಿ. ತನ್ನ ಹೆಜ್ಜೆಯಿಂದ ಜಗತ್ತು ಬದಲಾಗುತ್ತದೆ ಎಂದು ಮಗುವಿಗೆ ತಿಳಿಯುವ ಜಾಗ, ಟಿಕೆಟ್ ಕೊಳ್ಳಬಲ್ಲವರ ಮಕ್ಕಳಿಗಷ್ಟೇ ಸೀಮಿತವಾಗಬಾರದು.